ಸ್ಟಿಕಿ ಫಿಂಗರ್ಸ್ ಡಬಲ್ ಸಿಡಿ: ಟೇಲರಾ, ವುಡ್ಡಾ, ಇಲ್ಲ ಕೀತೇನಾ?

ಇಂಗ್ಲೆಂಡಿನ ರಾಕ್ ಬ್ಯಾಂಡ್ ರೋಲಿಂಗ್ ಸ್ಟೋನ್ಸ್ ಅಭಿಮಾನಿಗಳ ನಡುವೆ ಗಿಟಾರಿಸ್ಟ್ ಜಗಳ ಶುರುವಾದರೆ ಯಾರಾದರೂ ಒಬ್ಬರು ಈ ಆಲ್ಬಂ ಎತ್ತಿಕೊಂಡು ಬಂದೇ ಬರುತ್ತಾರೆ. 'ಸ್ಟಿಕಿ ಫಿಂಗರ್ಸ್', 1971. ಮಿಕ್ ಟೇಲರ್ ಪಾರ್ಟಿಯವರಿಗೆ ಇದೇ ರಾಮಬಾಣ. ಇದನ್ನು ಕೇಳಿದ ಮೇಲೂ ಟೇಲರ್ ದೊಡ್ಡವನಲ್ಲ ಅಂದರೆ ನಿನ್ನ ಕಿವಿಯೇ ಸರಿ ಇಲ್ಲ ಅನ್ನೋದು ಅವರ ತೀರ್ಪು. ನಾನೂ ಅದೇ ಪಾರ್ಟಿ, ಈಗಲೂ. ಆದರೆ 2015ರಲ್ಲಿ ಬಂದ ಈ ಡಬಲ್ ಸಿಡಿಯ ಎರಡನೇ ಡಿಸ್ಕ್ ಕೇಳಿದರೆ ಜಗಳದ ಪ್ರಶ್ನೆಯೇ ಬೇರೆ ಇರಬೇಕಿತ್ತು ಅನ್ಸುತ್ತೆ. ಯಾರ ಕೈ ಚುರುಕು ಅನ್ನೋದಲ್ಲ, ಯಾರಿಗೆ ಎಲ್ಲಿ ಕೈ ಕಟ್ಟಿ ಕೂರಬೇಕು ಅಂತ ಗೊತ್ತಿತ್ತು ಅನ್ನೋದು.

ಹೊಸಬರಿಗೆ ಬೇಗ ಹೇಳಿಬಿಡುತ್ತೇನೆ. ಕೀತ್ ರಿಚರ್ಡ್ಸ್ 1962ರಿಂದ ಇವತ್ತಿನವರೆಗೂ ಇದ್ದಾನೆ. ಅವನ ಪಕ್ಕದ ಕುರ್ಚಿಯಲ್ಲಿ ಮೂರು ಜನ ಕೂತರು. ಮೊದಲು ಬ್ಯಾಂಡ್ ಕಟ್ಟಿದ ಬ್ರಯನ್ ಜೋನ್ಸ್. 1969ರ ಜೂನ್‌ನಲ್ಲಿ ಅವನು ಹೊರಗೆ ಹೋದ, ಜುಲೈ 3ಕ್ಕೆ ತೀರಿಕೊಂಡ. ಅವನ ಜಾಗಕ್ಕೆ ಜಾನ್ ಮೇಯಾಲ್‌ನ ಬ್ಲೂಸ್‌ಬ್ರೇಕರ್ಸ್‌ನಿಂದ ಬಂದವನು ಮಿಕ್ ಟೇಲರ್. ಆಗ ವಯಸ್ಸು ಬರೀ 20. ಬ್ರಯನ್ ಸತ್ತು ಎರಡೇ ದಿನಕ್ಕೆ ಲಂಡನ್ನಿನ ಹೈಡ್ ಪಾರ್ಕ್‌ನಲ್ಲಿ ಲಕ್ಷಗಟ್ಟಲೆ ಜನರ ಮುಂದೆ ನಿಂತು ನುಡಿಸಬೇಕಾಗಿ ಬಂತು ಪಾಪ. 1974ರ ಡಿಸೆಂಬರ್‌ನಲ್ಲಿ ಅವನೂ ಬಿಟ್ಟ. ಆಮೇಲೆ ಫೇಸಸ್ ಬ್ಯಾಂಡಿನ ರಾನಿ ವುಡ್ ಬಂದ, ಇನ್ನೂ ಅಲ್ಲೇ ಇದ್ದಾನೆ. ಅಂದರೆ ಟೇಲರ್ ಇದ್ದದ್ದು ಐದೂವರೆ ವರ್ಷ, ವುಡ್ ಅರ್ಧ ಶತಮಾನ. ಜಗಳದಲ್ಲಿ ಮಾತ್ರ ಈ ಲೆಕ್ಕ ಯಾರಿಗೂ ಬೇಡ.

ಕೀತ್‌ನಿಂದಲೇ ಶುರು ಮಾಡಬೇಕು, ಯಾಕೆಂದರೆ ಅವನು ಏನು ಮಾಡುತ್ತಾನೆ ಅಂತ ಗೊತ್ತಾಗದೆ ಇದ್ದರೆ ಉಳಿದವರು ಏನು ಮಾಡಿದರು ಅನ್ನೋದೂ ಗೊತ್ತಾಗಲ್ಲ. ಅವನ ಗುಟ್ಟು ಓಪನ್ ಜಿ ಟ್ಯೂನಿಂಗ್. ಎಲ್ಲಕ್ಕಿಂತ ದಪ್ಪದ ಆರನೇ ತಂತಿಯನ್ನು ಕಿತ್ತು ಹಾಕಿ, ಉಳಿದ ಐದನ್ನು ಜಿ, ಡಿ, ಜಿ, ಬಿ, ಡಿ ಅಂತ ಕೂಡಿಸುತ್ತಾನೆ. ನಮ್ಮ ಲೆಕ್ಕದಲ್ಲಿ ಸ, ಪ, ಸ, ಗ, ಪ. ಬೆರಳೇ ಇಡದೆ ಮೀಟಿದರೂ ಒಂದು ಪೂರ್ತಿ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಮೊಳಗುತ್ತದೆ. ತೋರುಬೆರಳನ್ನು ಅಡ್ಡಕ್ಕೆ ಒತ್ತಿ ಮೇಲೆ ಕೆಳಗೆ ಜಾರಿಸಿದರೆ ಎಲ್ಲಾ ಕಾರ್ಡೂ ಸಿಕ್ಕಿತು. ಉಳಿದ ಎರಡು ಬೆರಳನ್ನು ಆಗಾಗ ತಟ್ಟಿ ಎತ್ತುತ್ತಾನಲ್ಲ, ಆ ಒಂದು ಚಿಕ್ಕ ತಟ್ಟುವಿಕೆಯೇ 'ಬ್ರೌನ್ ಶುಗರ್'. ಈ ಆಲ್ಬಂನ ಮೊದಲ ಹಾಡು. ತಮಾಷೆ ಅಂದರೆ ಅದರ ರಿಫ್, ಅಂದರೆ ಮತ್ತೆ ಮತ್ತೆ ಬರುವ ಆ ಗಿಟಾರ್ ತುಣುಕು, ಕಟ್ಟಿದ್ದು ಕೀತ್ ಅಲ್ಲ, ಬ್ಯಾಂಡಿನ ಗಾಯಕ ಮಿಕ್ ಜಾಗರ್. ನುಡಿಸೋವಾಗ ಕೀತ್ ಅದನ್ನು ತನ್ನದೇ ಮಾಡಿಕೊಂಡುಬಿಟ್ಟಿದ್ದಾನೆ, ಅದು ಬೇರೆ ಮಾತು. (ಸಾಹಿತ್ಯದ ವಿಷಯ ಎತ್ತಿದರೆ ಅದೇ ಇನ್ನೊಂದು ಜಗಳ. ಗುಲಾಮಗಿರಿಯನ್ನು ಹಾಗೆ ಕುಣಿಯುವ ಹಾಡು ಮಾಡಿದ್ದು ಇವತ್ತು ಗಂಟಲಲ್ಲಿ ಇಳಿಯಲ್ಲ. ಬ್ಯಾಂಡ್ ಕೂಡ 2021ರಲ್ಲಿ ಸ್ಟೇಜ್ ಪಟ್ಟಿಯಿಂದ ಅದನ್ನು ತೆಗೆಯಿತು.)

ಈಗ ಜಗಳದ ಕೇಂದ್ರಕ್ಕೆ ಬರೋಣ. 'ಕಾಂಟ್ ಯು ಹಿಯರ್ ಮಿ ನಾಕಿಂಗ್'. ಏಳು ನಿಮಿಷ ದಾಟುವ ಹಾಡು. ಶುರುವಿನಲ್ಲಿ ಕೀತ್ ಒಬ್ಬನೇ. ಐದು ತಂತಿ, ಒರಟು ಸದ್ದು, ಮೀಟಿದ ತಕ್ಷಣ ಕೈ ಅಡ್ಡ ಇಟ್ಟು ನಿಲ್ಲಿಸುತ್ತಾನೆ. ಆ ನಿಲ್ಲಿಸೋದಿದೆಯಲ್ಲ, ಅಲ್ಲೇ ಇರೋದು ಮಜಾ. ಆಮೇಲೆ ಚಾರ್ಲಿ ವಾಟ್ಸ್‌ನ ಡ್ರಮ್ಸ್ ಬೀಳುತ್ತದೆ, ಇನ್ನೊಂದು ಕಿವಿಯಲ್ಲಿ ಟೇಲರ್ ಸೇರುತ್ತಾನೆ. ಹೆಡ್‌ಫೋನ್ ಹಾಕಿಕೊಂಡು ಕೇಳಿ, ಇಬ್ಬರೂ ಬೇರೆ ಬೇರೆ ಕಿವಿಯಲ್ಲಿ ಇದ್ದಾರೆ. ಒಂದು ಕಡೆಯದನ್ನು ತೆಗೆದು ಕೇಳಿದರೆ ಹಾಡು ಅರ್ಧಕ್ಕರ್ಧ ಮಾಯ. ಎರಡೂವರೆ ನಿಮಿಷ ಆಗೋ ಹೊತ್ತಿಗೆ ಹಾಡು ಮುಗಿಯಿತು ಅನ್ನಿಸುತ್ತದೆ. ಆದರೆ ಮುಗಿಯಲ್ಲ. ರಾಕಿ ಡಿಜಾನ್‌ನ ಕಾಂಗಾ, ಬಿಲ್ಲಿ ಪ್ರೆಸ್ಟನ್‌ನ ಆರ್ಗನ್, ಬಾಬಿ ಕೀಸ್‌ನ ಸ್ಯಾಕ್ಸೊಫೋನ್, ಆಮೇಲೆ ಟೇಲರ್‌ನ ಆ ಸೋಲೋ. ಈ ಎರಡನೇ ಭಾಗ ಪ್ಲಾನ್ ಮಾಡಿದ್ದೇ ಅಲ್ಲ. ಹಾಡು ಮುಗಿದ ಮೇಲೂ ಟೇಲರ್ ಸುಮ್ನೆ ನುಡಿಸುತ್ತಾ ಹೋದ, ಉಳಿದವರೂ ಹಿಂದೆ ಬಂದರು, ಟೇಪ್ ಓಡುತ್ತಲೇ ಇತ್ತು.

ಆ ಸೋಲೋದಲ್ಲಿ ನನಗೆ ಇಷ್ಟ ವೇಗ ಅಲ್ಲ. ವೇಗ ಅದರಲ್ಲಿ ಇಲ್ಲವೇ ಇಲ್ಲ ಅನ್ನಬಹುದು. ಅವನು ಒಂದು ಸ್ವರದ ಮೇಲೆ ನಿಂತು ತಂತಿಯನ್ನು ಎಳೆದು, ಎಳೆದ ಜಾಗದಲ್ಲೇ ಬೆರಳನ್ನು ಅಲುಗಿಸುತ್ತಾನೆ. ಒಂದು ಸಾಲು ಮುಗಿಸಿ ತಡೆಯುತ್ತಾನೆ, ಉಸಿರು ತೆಗೆದುಕೊಂಡ ಹಾಗೆ, ಮತ್ತೆ ಮುಂದಿನ ಸಾಲು. ಕೆಳಗೆ ಕೀತ್ ಅದೇ ಎರಡು ಕಾರ್ಡ್ ಹಿಡಿದುಕೊಂಡು ಅಲ್ಲಾಡದೆ ಇರುತ್ತಾನೆ. ಟೇಲರ್ ಪಾರ್ಟಿಯವರು ಮರೆಯುವುದು ಇದನ್ನೇ. ಮೇಲಿನವನು ಹಾರೋದಕ್ಕೆ ಕೆಳಗಿನವನು ಅಷ್ಟು ಹೊತ್ತು ಬೇಜಾರು ಮಾಡಿಕೊಳ್ಳದೆ ಕೂತಿರಬೇಕು. ಎಷ್ಟು ಗಿಟಾರಿಸ್ಟ್‌ಗಳಿಗೆ ಆ ತಾಳ್ಮೆ ಇದೆ ಹೇಳಿ?

ಎರಡನೇ ಡಿಸ್ಕ್‌ನಲ್ಲಿ ಇದೇ ಹಾಡಿನ ಬೇರೆ ಟೇಕ್, ಅಂದರೆ ಇನ್ನೊಂದು ಸಲ ನುಡಿಸಿದ ರೆಕಾರ್ಡಿಂಗ್, ಇದೆ. ಮೂರು ನಿಮಿಷ ಚಿಲ್ಲರೆ. ಜಾಗರ್ ಅರ್ಧ ಹಾಡುತ್ತಾನೆ, ಅರ್ಧ ಗುನುಗುತ್ತಾನೆ. ಕೊನೆಯ ಜ್ಯಾಮ್ ಇಲ್ಲ, ಸ್ಯಾಕ್ಸೊಫೋನ್ ಇಲ್ಲ. ಟೇಲರ್ ಪಾರ್ಟಿಯ ಲೆಕ್ಕದ ಪ್ರಕಾರ ಇದು ಸಪ್ಪೆ ಇರಬೇಕಿತ್ತು. ಇಲ್ಲ ಸ್ವಾಮಿ! ರಿಫ್ ಒಂದೇ ಸಾಕು, ಕಾಲು ತಾನಾಗಿ ಕುಟ್ಟುತ್ತದೆ. ನನ್ನ ಗೆಳೆಯನೊಬ್ಬ ಕಟ್ಟಾ ವುಡ್ ಅಭಿಮಾನಿ. ಇದನ್ನು ಕೇಳಿಸಿದ್ದೇ ತಡ, "ನೋಡ್ದ್ಯೇನೋ, ನಿನ್ ಟೇಲರ್ ಇಲ್ದೇನೇ ಹಾಡು ನಿಂತ್ಕೊಂಡಿದೆ" ಅಂದ. "ನಿಂತ್ಕೊಂಡಿದೆ ಕಣೋ, ಆದ್ರೆ ನಿಂತಲ್ಲೇ ನಿಂತಿದೆ" ಅಂದೆ. ಇಬ್ಬರೂ ಸೋಲಲಿಲ್ಲ.

ಅಸಲಿ ಪರೀಕ್ಷೆ ಇದೇ ಡಿಸ್ಕ್‌ನ ಮೊದಲ ಹಾಡು. 'ಬ್ರೌನ್ ಶುಗರ್' ಮತ್ತೆ, ಆದರೆ ಈ ಸಲ ಎರಿಕ್ ಕ್ಲಾಪ್ಟನ್ ಇದ್ದಾನೆ. 1970ರ ಡಿಸೆಂಬರ್ 18, ಕೀತ್‌ನ ಹುಟ್ಟುಹಬ್ಬ, ಲಂಡನ್ನಿನ ಒಲಿಂಪಿಕ್ ಸ್ಟುಡಿಯೋ. ಅಲ್ ಕೂಪರ್ ಪಿಯಾನೋದಲ್ಲಿ, ಕ್ಲಾಪ್ಟನ್ ಸ್ಲೈಡ್ (ತಂತಿಯ ಮೇಲೆ ಜಾರಿಸುವ ಕೊಳವೆ) ಹಿಡಿದುಕೊಂಡು. ಆ ಕಾಲಕ್ಕೆ ಇಂಗ್ಲೆಂಡಿನಲ್ಲಿ ಗಿಟಾರ್ ಅಂದರೆ ಮೊದಲು ಬರುತ್ತಿದ್ದ ಹೆಸರು ಅವನದೇ, ಅಲ್ವಾ? ಕೀತ್, ಟೇಲರ್, ಜೊತೆಗೆ ಕ್ಲಾಪ್ಟನ್. ಕಾಗದದ ಮೇಲೆ ಇದಕ್ಕಿಂತ ಬೇಕಾ? ಕೇಳಿದರೆ ಹಾಡಿಗೆ ಉಸಿರಾಡೋಕೆ ಜಾಗವೇ ಇಲ್ಲ. ಸ್ಲೈಡ್ ಚೆನ್ನಾಗಿಯೇ ಇದೆ. ಆದರೆ ಮೂಲ ಹಾಡಿನಲ್ಲಿ ಎಲ್ಲಿ ಖಾಲಿ ಇತ್ತೋ ಅಲ್ಲೆಲ್ಲ ಏನೋ ಒಂದು ತುಂಬಿಕೊಂಡಿದೆ. ಪಾರ್ಟಿಗೆ ಸರಿ, ಖುಷಿಯಾಗಿ ಕೂಗಾಡಬಹುದು. 1969ರ ಡಿಸೆಂಬರ್‌ನಲ್ಲಿ ಅಲಬಾಮಾದ ಮಸಲ್ ಶೋಲ್ಸ್‌ನಲ್ಲಿ ಮಾಡಿದ ಹಳೇ ರೆಕಾರ್ಡಿಂಗ್ ಬಿಟ್ಟು ಇದನ್ನು ಹೊರಗೆ ತರೋಣ ಅನ್ನೋ ಮಾತೂ ಆಗ ಬಂದಿತ್ತು. ಸದ್ಯ, ತರಲಿಲ್ಲ. ಈ ಒಂದು ಟ್ರ್ಯಾಕ್‌ಗೋಸ್ಕರವೇ ಡಬಲ್ ಸಿಡಿ ಕೊಳ್ಳಬಹುದು ಅಂತೀನಿ, ಯಾಕೆಂದರೆ 'ದೊಡ್ಡ ಗಿಟಾರಿಸ್ಟ್ ಬಂದರೆ ಹಾಡು ದೊಡ್ಡದಾಗುತ್ತದೆ' ಅನ್ನೋ ವಾದ ಇಲ್ಲಿ ನಾಲ್ಕೇ ನಿಮಿಷದಲ್ಲಿ ಬಿದ್ದುಹೋಗುತ್ತದೆ.

ಹಾಗಾದರೆ ಟೇಲರ್ ಎಲ್ಲಿ ಗೆಲ್ಲುತ್ತಾನೆ? ನನ್ನನ್ನು ಕೇಳಿದರೆ ಜನ ಅವನನ್ನು ಗಮನಿಸದ ಕಡೆ. 'ವೈಲ್ಡ್ ಹಾರ್ಸಸ್' ತೆಗೆದುಕೊಳ್ಳಿ. ಕೀತ್ ಹನ್ನೆರಡು ತಂತಿಯ ಅಕೂಸ್ಟಿಕ್ ಹಿಡಿದಿದ್ದಾನೆ, ಎಲೆಕ್ಟ್ರಿಕ್ ಸೋಲೋ ಕೂಡ ಅವನದೇ. ಟೇಲರ್ ನುಡಿಸೋದು ನ್ಯಾಶ್‌ವಿಲ್ ಟ್ಯೂನಿಂಗ್. ಅಂದರೆ ಗಿಟಾರಿನ ಕೆಳಗಿನ ನಾಲ್ಕು ದಪ್ಪ ತಂತಿ ತೆಗೆದು, ಆ ಜಾಗಕ್ಕೆ ಸಣ್ಣ ತಂತಿ ಹಾಕಿ, ಅದೇ ಸ್ವರಗಳನ್ನು ಒಂದು ಸ್ಥಾಯಿ ಮೇಲಕ್ಕೆ ಏರಿಸೋದು. ಭಾರ ಎಲ್ಲಾ ಹೋಗಿ ಬರೀ ಮಿನುಗು ಉಳಿಯುತ್ತದೆ. ಮೊದಲ ಡಿಸ್ಕ್‌ನಲ್ಲಿ ಇದು ಉಳಿದ ಸದ್ದಿನ ನಡುವೆ ಕರಗಿಹೋಗಿದೆ. ಎರಡನೇ ಡಿಸ್ಕ್‌ನ ಅಕೂಸ್ಟಿಕ್ ಆವೃತ್ತಿಯಲ್ಲಿ ಸ್ಪಷ್ಟವಾಗಿ ಕಿವಿಗೆ ಬೀಳುತ್ತದೆ. ಇಪ್ಪತ್ತು ವರ್ಷದ ಹುಡುಗ, ಹೊಸ ಬ್ಯಾಂಡ್, ಜಗತ್ತೇ ನೋಡುತ್ತಿದೆ, ತನ್ನ ಕೈಚಳಕ ತೋರಿಸಬಹುದಿತ್ತು. ತೋರಿಸಲಿಲ್ಲ.

ಇನ್ನೊಂದು ಕಡೆ 'ಸ್ವೇ'. ಇದರಲ್ಲಿ ಕೀತ್ ಗಿಟಾರ್ ಮುಟ್ಟೇ ಇಲ್ಲ, ಹಿನ್ನೆಲೆಯಲ್ಲಿ ಹಾಡಿದ್ದಾನೆ ಅಷ್ಟೇ. ರಿದಮ್ ಗಿಟಾರ್, ಅಂದರೆ ಕೆಳಗೆ ಕಾರ್ಡ್ ಹಿಡಿದು ಹಾಡು ನಡೆಸುವ ಗಿಟಾರ್, ಜಾಗರ್‌ನದು. ನಡುವಿನ ಸ್ಲೈಡ್ ಸೋಲೋ, ಕೊನೆಯ ಉದ್ದದ ಸೋಲೋ ಎರಡೂ ಟೇಲರ್. ಆ ಕೊನೆಯ ಸೋಲೋ ಫೇಡ್ ಆಗಿ ಹೋಗುವಾಗ ಪ್ರತಿ ಸಲ ನನಗೆ ಹೊಟ್ಟೆ ಉರಿಯುತ್ತದೆ, ಇನ್ನೂ ಎಷ್ಟು ಹೊತ್ತು ನುಡಿಸಿದನೋ ಏನೋ. 'ಮೂನ್‌ಲೈಟ್ ಮೈಲ್' ಕೂಡ ಹಾಗೇ, ಕೀತ್ ಇಲ್ಲ. ಜಾಗರ್‌ನ ಅಕೂಸ್ಟಿಕ್, ಟೇಲರ್‌ನ ಗಿಟಾರ್, ಮೇಲೆ ಪಾಲ್ ಬಕ್‌ಮಾಸ್ಟರ್ ಬರೆದ ಸ್ಟ್ರಿಂಗ್ಸ್. ಕ್ರೆಡಿಟ್ ನೋಡಿದರೆ ಎರಡಕ್ಕೂ ಜಾಗರ್-ರಿಚರ್ಡ್ಸ್. ಸ್ಟೋನ್ಸ್‌ನಲ್ಲಿದ್ದ ಕಾಲದ ಆಲ್ಬಂಗಳಲ್ಲಿ ಟೇಲರ್‌ಗೆ ಬರಹಗಾರ ಅಂತ ಹೆಸರು ಸಿಕ್ಕಿದ್ದು ಒಂದೇ ಒಂದು ಹಾಡಿಗೆ, 1972ರ 'ವೆಂಟಿಲೇಟರ್ ಬ್ಲೂಸ್'. ಅವನ ಅಭಿಮಾನಿಗಳಿಗೆ ಸಿಟ್ಟು ಯಾಕೆ ಅಂತ ಈಗ ಗೊತ್ತಾಯಿತಲ್ಲ. ಈ ವಿಷಯದಲ್ಲಿ ನಾನು ಪೂರ್ತಿ ಅವರ ಕಡೆ.

ಕೀತ್ ಪಾರ್ಟಿಯವರ ಕೈಯಲ್ಲೂ ಅಸ್ತ್ರ ಇದೆ. 'ಬಿಚ್' ಹಾಡಿನ ಬಗ್ಗೆ ಎಂಜಿನಿಯರ್ ಆಂಡಿ ಜಾನ್ಸ್ ಹೇಳಿದ ಕತೆ: ಬ್ಯಾಂಡ್ ನುಡಿಸುತ್ತಿತ್ತು, ಹಾಡು ಏಳ್ತಾ ಇರಲಿಲ್ಲ. ಕೀತ್ ತಡವಾಗಿ ಬಂದು, ಬರಿಗಾಲಲ್ಲಿ ನೆಲದ ಮೇಲೆ ಕೂತು, ಬಟ್ಟಲಲ್ಲಿ ಏನೋ ತಿನ್ನುತ್ತಾ ಕೇಳುತ್ತಿದ್ದನಂತೆ. ತಿಂದು ಮುಗಿಸಿ ಗಿಟಾರ್ ಕೊಡಿ ಅಂದ. ಹೆಗಲಿಗೆ ಹಾಕಿಕೊಂಡು ಶುರು ಮಾಡಿದ್ದೇ ಹಾಡಿನ ವೇಗ ಏರಿತು, ಜೀವ ಬಂತು. ಎರಡನೇ ಡಿಸ್ಕ್‌ನಲ್ಲಿ ಇದರ ಉದ್ದದ ಆವೃತ್ತಿ ಇದೆ, ಮೂಲಕ್ಕಿಂತ ಎರಡು ನಿಮಿಷದಷ್ಟು ಜಾಸ್ತಿ. ಹಿತ್ತಾಳೆ ವಾದ್ಯಗಳ ಜೊತೆ ಕೀತ್‌ನ ರಿಫ್ ಬೆನ್ನಟ್ಟುವುದನ್ನು ಕೇಳಿ. ಇದನ್ನು ಟೇಲರ್ ಒಬ್ಬನೇ ಎಳೆಯೋಕೆ ಆಗುತ್ತಿರಲಿಲ್ಲ. 'ಡೆಡ್ ಫ್ಲವರ್ಸ್' ಬೇರೆ ಟೇಕ್ ಪರವಾಗಿಲ್ಲ, ಒಂದು ಸಲ ಕೇಳಿ ಬಿಡಬಹುದು.

'ಸಿಸ್ಟರ್ ಮಾರ್ಫೀನ್' ಹಾಡಿನ ಸ್ಲೈಡ್ ಕೇಳಿ ಟೇಲರ್ ಅಂತ ಹೊಗಳುವವರು ಇನ್ನೂ ಇದ್ದಾರೆ. ಅದು ಅವನಲ್ಲ. ಅವನು ಬರುವ ಮುಂಚೆ, 1969ರ ಮಾರ್ಚ್‌ನಲ್ಲೇ ರೆಕಾರ್ಡ್ ಆದ ಹಾಡು ಅದು. ಆ ಮೈ ಕೊರೆಯುವ ಸ್ಲೈಡ್ ರೈ ಕೂಡರ್‌ನದು. ಹೌದು, ನಮ್ಮ ವಿಶ್ವಮೋಹನ್ ಭಟ್ ಅವರ ಮೋಹನ ವೀಣೆಯ ಜೊತೆ 1993ರಲ್ಲಿ ಆಲ್ಬಂ ಮಾಡಿ ಗ್ರ್ಯಾಮಿ ಹಂಚಿಕೊಂಡ ಅದೇ ಕೂಡರ್. ಅಂದರೆ ಟೇಲರ್‌ನ ಆಲ್ಬಂ ಅಂತ ಎಲ್ಲರೂ ಎತ್ತಿ ತೋರಿಸುವ ಇದರಲ್ಲಿ ಅವನೇ ಇಲ್ಲದ ಹಾಡೂ ಇದೆ, ಕೀತ್ ಗಿಟಾರ್ ಹಿಡಿಯದ ಹಾಡುಗಳೂ ಇವೆ. ಯಾವ ಪಾರ್ಟಿಗೂ ಪೂರ್ತಿ ಬಹುಮತ ಇಲ್ಲ.

ಎರಡನೇ ಡಿಸ್ಕ್‌ನ ಉಳಿದರ್ಧ ಲೈವ್. 1971ರ ಮಾರ್ಚ್ 14, ಲಂಡನ್ನಿನ ರೌಂಡ್‌ಹೌಸ್. ತೆರಿಗೆ ಕಾಟಕ್ಕೆ ಬೇಸತ್ತು ಫ್ರಾನ್ಸ್‌ಗೆ ಗಂಟುಮೂಟೆ ಕಟ್ಟುವ ಮುಂಚೆ ಇಂಗ್ಲೆಂಡಿನಲ್ಲಿ ಮಾಡಿದ ಪ್ರವಾಸದ ಕಛೇರಿ. ಐದು ಹಾಡು ಇದೆ. 'ಲವ್ ಇನ್ ವೇನ್' ಒಂದನ್ನು ಮಾತ್ರ ಇಲ್ಲಿ ಬಿಡಿಸಿ ಹೇಳುತ್ತೇನೆ. ನಿಧಾನದ ಬ್ಲೂಸ್. ಕೀತ್ ಕಾರ್ಡ್‌ಗಳನ್ನು ಒಂದೊಂದೇ ತಂತಿಯಾಗಿ ಬಿಡಿಸಿ ಮೀಟುತ್ತಾನೆ. ಜಾಗರ್ ಒಂದು ಸಾಲು ಹಾಡುತ್ತಾನೆ, ಟೇಲರ್ ಸ್ಲೈಡ್‌ನಲ್ಲಿ ಉತ್ತರ ಕೊಡುತ್ತಾನೆ. ಸೋಲೋಗೆ ಜಾಗ ಸಿಕ್ಕಾಗ ಮೇಲಿನ ಸ್ವರಕ್ಕೆ ಸೀದಾ ಹೋಗಲ್ಲ. ಸ್ವಲ್ಪ ಕೆಳಗೆ ಹಿಡಿದು, ಜಾರಿಸುತ್ತಾ, ತಡಮಾಡುತ್ತಾ ಮುಟ್ಟುತ್ತಾನೆ. ವೀಣೆಯಲ್ಲಿ ಗಮಕ ಕೇಳಿ ಬೆಳೆದವರಿಗೆ ಆ ತಡಮಾಡುವುದು ಏನು ಅಂತ ಹೇಳಿಕೊಡಬೇಕಿಲ್ಲ. 'ಮಿಡ್‌ನೈಟ್ ರ‍್ಯಾಂಬ್ಲರ್' ಹತ್ತು ನಿಮಿಷ ಮೀರಿ ಓಡುತ್ತದೆ, ಅದು ಪೂರ್ತಿ ಕೀತ್ ಮತ್ತು ಚಾರ್ಲಿಯ ಹಾಡು. ನಡುವೆ ವೇಗ ಇಳಿದು, ನಿಂತೇಹೋಯಿತು ಅನ್ನುವಾಗ ಕೀತ್ ಒಂದು ಏಟು ಹಾಕುತ್ತಾನೆ, ಚಾರ್ಲಿ ಅದೇ ಕ್ಷಣಕ್ಕೆ ಬೀಳುತ್ತಾನೆ. ಟೇಲರ್ ಹಿಂದೆ ನಿಂತು ರಿದಮ್ ಹಿಡಿದಿರುತ್ತಾನೆ, ಗಮನವಿಟ್ಟು ಕೇಳಿದರೆ ಮಾತ್ರ ಗೊತ್ತಾಗುತ್ತದೆ.

ವುಡ್ ಈ ಆಲ್ಬಂನಲ್ಲಿ ಇಲ್ಲ, ಆದರೂ ಅವನ ಹೆಸರು ಇಲ್ಲದೆ ಈ ಜಗಳ ಮುಗಿಯಲ್ಲ. ಟೇಲರ್ ಬಿಟ್ಟ ಮೇಲೆ ಸ್ಟೋನ್ಸ್ ಪರೀಕ್ಷೆಗೆ ಕರೆದವರನ್ನು ನೋಡಿ: ಜೆಫ್ ಬೆಕ್, ರೋರಿ ಗ್ಯಾಲಘರ್, ಹಾರ್ವಿ ಮ್ಯಾಂಡಲ್, ವೇಯ್ನ್ ಪರ್ಕಿನ್ಸ್. 1976ರ ಆಲ್ಬಂನಲ್ಲಿ ಮ್ಯಾಂಡಲ್, ಪರ್ಕಿನ್ಸ್ ನುಡಿಸಿದ್ದೂ ಇದೆ. ಬೆಕ್ ಬೆರಳಿನ ಮುಂದೆ ವುಡ್ ಎಲ್ಲಿ? ಆದರೂ ಆರಿಸಿದ್ದು ವುಡ್‌ನನ್ನೇ. ಯಾಕೆ ಅನ್ನೋದಕ್ಕೆ 1978ರ 'ಬೀಸ್ಟ್ ಆಫ್ ಬರ್ಡನ್' ಕೇಳಿ. ಯಾವ ಗಿಟಾರ್ ಯಾರದು ಅಂತ ಹೇಳೋಕೆ ಆಗಲ್ಲ. ಒಬ್ಬ ಬಿಟ್ಟಲ್ಲಿ ಇನ್ನೊಬ್ಬ ಹಿಡಿಯುತ್ತಾನೆ, ಲೀಡ್ ಯಾರು ರಿದಮ್ ಯಾರು ಅನ್ನೋ ಗೆರೆಯೇ ಅಳಿಸಿಹೋಗಿದೆ. ಕೀತ್ ಇದನ್ನು ನೇಯ್ಗೆ ಅಂತ ಕರೆಯುತ್ತಾನೆ. ಟೇಲರ್ ಜೊತೆ ಅವನಿಗೆ ಇದು ಸಿಗಲಿಲ್ಲ. ಅಲ್ಲಿ ಒಬ್ಬ ಕೆಳಗೆ, ಒಬ್ಬ ಮೇಲೆ. 2003ರ ಏಪ್ರಿಲ್ 4ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮಳೆ ನಡುವೆ ಜನ ಕೇಳಿದ್ದು ಈ ನೇಯ್ಗೆಯನ್ನೇ. ಆ ರಾತ್ರಿ ಇದ್ದವರು ಇವತ್ತಿಗೂ ವುಡ್ ಪರ ವಾದ ಮಾಡಿದರೆ ಆಶ್ಚರ್ಯ ಇಲ್ಲ. ನನಗೆ ವುಡ್ ಕಾಲದ ಆಲ್ಬಂಗಳಲ್ಲಿ ಪೂರ್ತಿ ಕೂತು ಕೇಳುವಂಥವು ಕಮ್ಮಿ, ಅದು ಅವನ ತಪ್ಪಲ್ಲ, ಹಾಡು ಬರೆದವರ ತಪ್ಪು.

ಬ್ರಯನ್ ಪಾರ್ಟಿ ಚಿಕ್ಕದು, ಆದರೆ ಗಟ್ಟಿ ಜನ. 1964ರಲ್ಲಿ ಇಂಗ್ಲೆಂಡಿನ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಹೋದ 'ಲಿಟಲ್ ರೆಡ್ ರೂಸ್ಟರ್' ಹಾಡಿನ ಸ್ಲೈಡ್ ಅವನದು, 1966ರ 'ಪೇಂಟ್ ಇಟ್ ಬ್ಲ್ಯಾಕ್' ಸಿತಾರ್ ಅವನದು. ಅವನನ್ನು ಗಿಟಾರಿಸ್ಟ್ ಅಂತ ಈ ಸ್ಪರ್ಧೆಗೆ ಇಳಿಸುವುದೇ ಅನ್ಯಾಯ. ಕೈಗೆ ಸಿಕ್ಕ ವಾದ್ಯವನ್ನೆಲ್ಲ ನುಡಿಸುತ್ತಿದ್ದವನು ಅವನು.

ಇನ್ನು ಸಾಮಾನಿನ ವಿಷಯ. ಸದ್ದು ನನ್ನ ಕಿವಿಗೆ ಸ್ವಲ್ಪ ಜೋರಾಯಿತು. ಗಿಟಾರ್‌ಗಳು ಬಿಡಿಬಿಡಿಯಾಗಿ ಕೇಳುತ್ತವೆ ನಿಜ, ಆದರೆ 'ಮೂನ್‌ಲೈಟ್ ಮೈಲ್' ಥರದ ಹಾಡಿನಲ್ಲಿ ಮೆಲ್ಲಗೆ ಶುರುವಾಗಿ ಏರುವ ಸುಖ ಅಷ್ಟು ಸಿಗಲ್ಲ. ವಾಲ್ಯೂಮ್ ಇಳಿಸಿ ಕೇಳಿದರೆ ಸರಿ ಹೋಗುತ್ತದೆ. ಕವರ್ ಆಂಡಿ ವಾರ್ಹೋಲ್‌ನ ಐಡಿಯಾ, ಜೀನ್ಸ್ ಮತ್ತು ಜಿಪ್. 1971ರ ಎಲ್‌ಪಿಯಲ್ಲಿ ಇದ್ದದ್ದು ನಿಜವಾದ ಜಿಪ್. ಪೆಟ್ಟಿಗೆಯಲ್ಲಿ ಒಂದರ ಮೇಲೊಂದು ಇಟ್ಟಾಗ ಜಿಪ್ಪಿನ ಒತ್ತಡಕ್ಕೆ ತಟ್ಟೆ ನೆಗ್ಗಿ, 'ಸಿಸ್ಟರ್ ಮಾರ್ಫೀನ್' ಹಾಡಿನ ಮೇಲೆಯೇ ಏಟು ಬೀಳುತ್ತಿತ್ತು. ಆಮೇಲೆ ಜಿಪ್ಪನ್ನು ನಡುವಿನವರೆಗೆ ಎಳೆದು ಕಳಿಸಿದರು, ಏಟು ಬಿದ್ದರೂ ನಡುವಿನ ಲೇಬಲ್ ಮೇಲೆ ಬೀಳಲಿ ಅಂತ. ನನ್ನ ಸಿಡಿಯಲ್ಲಿ ಜಿಪ್ ಬರೀ ಚಿತ್ರ, ಆ ಕಾಟ ಇಲ್ಲ. ಆನ್‌ಲೈನ್‌ನಲ್ಲಿ ತರಿಸಿದ್ದಕ್ಕೆ ಒಂದು ಮೂಲೆ ಜಜ್ಜಿಕೊಂಡು ಬಂತು, ಕಾಗದದ ಕವರ್ ನೋಡಿ. ತರಿಸುವವರು ಗಟ್ಟಿ ಡಬ್ಬದಲ್ಲಿ ಕಳಿಸುವ ಅಂಗಡಿ ನೋಡಿಕೊಳ್ಳಿ.

ಹಳೇ ಒಂಟಿ ಸಿಡಿ ಇರುವವರೂ ಇದನ್ನು ತರಿಸಬಹುದು, ಎರಡನೇ ಡಿಸ್ಕ್‌ಗೆ ಕೊಟ್ಟ ದುಡ್ಡು ಮೋಸ ಇಲ್ಲ. ಐದಕ್ಕೆ ನಾಲ್ಕೂವರೆ. ಇದಕ್ಕಿಂತ ದೊಡ್ಡ ಬಾಕ್ಸ್ ಕೂಡ ಇದೆ, ಅದರಲ್ಲಿ ರೌಂಡ್‌ಹೌಸ್‌ಗೆ ಹಿಂದಿನ ದಿನ ಲೀಡ್ಸ್ ಯೂನಿವರ್ಸಿಟಿಯಲ್ಲಿ ನಡೆದ ಕಛೇರಿ ಪೂರ್ತಿ ಡಿಸ್ಕ್ ಇದೆ. ರೇಟ್ ನೋಡಿ ಎದೆ ಹಿಡಿದುಕೊಂಡೆ. ಲೀಡ್ಸ್ ಬೇಕು ಅನ್ನೋರು ಮೊದಲು ಸ್ಟ್ರೀಮಿಂಗ್‌ನಲ್ಲಿ ಕೇಳಿ, ಆಮೇಲೆ ಪರ್ಸ್ ತೆಗೆಯಿರಿ.